ಏಜೆಂಟಿಗೆ ವೆಬ್‌ಪುಟ ತಂದುಕೊಡುವ ಉಪಕರಣ: ಐದು ದಾರಿಗಳಲ್ಲಿ ನಿಮಗೆ ಯಾವುದು?

ಕಳೆದ ಅಡಿಕೆ ಕೊಯ್ಲಿನ ಸಮಯ. ನಮ್ಮದು ಮಂಗಳೂರಿನ ಬಲ್ಮಠದಲ್ಲಿ ಮೂವರು ಕೂತು ಕೆಲಸ ಮಾಡುವ ಸಣ್ಣ ಕಚೇರಿ. ಪುತ್ತೂರು, ಬೆಳ್ತಂಗಡಿ ಕಡೆಯ ಒಂದಷ್ಟು ಬೆಳೆಗಾರರಿಗೆ ಪ್ರತಿದಿನ ಸಂಜೆ ಚಾಲಿ ಅಡಿಕೆಯ ಧಾರಣೆಯನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸುವ ಏಜೆಂಟ್ ಒಂದನ್ನು, ಅಂದರೆ ಎಐ ಬಳಸಿ ತಾನಾಗಿ ಕೆಲಸ ಮಾಡುವ ತಂತ್ರಾಂಶವನ್ನು, ಕಟ್ಟಿಕೊಟ್ಟಿದ್ದೆವು. ಹೊಸ ಅಡಿಕೆ, ಸಿಂಗಲ್ ಚೋಲ್, ಡಬಲ್ ಚೋಲ್, ಪಟೋರ, ಉಳ್ಳಿಗಡ್ಡೆ, ಕರಿಗೋಟು: ಆರು ಸಾಲು, ಕಿಲೋ ಲೆಕ್ಕದಲ್ಲಿ ಆರು ದರ. ಎರಡು ವಾರ ಚೆನ್ನಾಗಿ ನಡೆಯಿತು. ಒಂದು ಸಂಜೆ ಹಿರಿಯ ಬೆಳೆಗಾರರೊಬ್ಬರು ಕರೆ ಮಾಡಿದರು. “ಈ ಡಬಲ್ ಚೋಲ್ ದರ ಯಾವ ಊರಿನದು ಮಾರಾಯರೇ? ನಾನು ಈಗಷ್ಟೇ ಅಂಗಡಿಯಿಂದ ಬಂದೆ, ಅಲ್ಲಿ ಬೇರೆಯೇ ಇದೆ.”

ಲಾಗ್ ತೆರೆದು ನೋಡಿದೆ. ನಮ್ಮ ಉಪಕರಣ ದರದ ಪುಟಕ್ಕೆ ಹೋಗಿತ್ತು. ಸರ್ವರ್ 200 ಎಂದು ಉತ್ತರಿಸಿತ್ತು, ಅಂದರೆ ಎಲ್ಲವೂ ಸರಿ. ಆದರೆ ತಂದ ಪುಟದೊಳಗೆ ಇದ್ದದ್ದು ಒಂದು ಶೀರ್ಷಿಕೆ, ಒಂದು ಖಾಲಿ ಚೌಕಟ್ಟು, ಒಂದು ಜಾವಾಸ್ಕ್ರಿಪ್ಟ್ ಕಡತದ ಹೆಸರು ಮತ್ತು ‘ದಯವಿಟ್ಟು ಕಾಯಿರಿ’ ಎಂಬ ಎರಡು ಪದ. ತಾಣದವರು ಅದೇ ವಾರ ಪುಟದ ವಿನ್ಯಾಸ ಬದಲಾಯಿಸಿದ್ದರು. ಶೀರ್ಷಿಕೆಯಲ್ಲಿ ಮಾತ್ರ ‘ಇಂದಿನ ಅಡಿಕೆ ಧಾರಣೆ’ ಎಂದಿತ್ತು. ಏಜೆಂಟಿನೊಳಗೆ ಕೂತು ವಾಕ್ಯ ಬರೆಯುವ ಎಐಗೆ, ಅಂದರೆ ಭಾಷಾ ಮಾದರಿಗೆ, ಅಷ್ಟೇ ಸಾಕಾಯಿತು. ಧಾರಣೆ ಕೇಳಿದ್ದಾರೆ, ಧಾರಣೆಯ ಪುಟ ಕೈಯಲ್ಲಿದೆ, ಅಂಕಿಗಳಷ್ಟೇ ಇಲ್ಲ. ಅದು ತಾನೇ ನಂಬುವಂಥ ಆರು ಅಂಕಿಗಳನ್ನು ಹೊಂದಿಸಿ ಕಳುಹಿಸಿಬಿಟ್ಟಿತ್ತು. ಅದನ್ನು ನಂಬಿ ಯಾರಾದರೂ ಜೀಪಿಗೆ ಚೀಲ ಹೇರಿಸಿಕೊಂಡು ಹೋಗಿದ್ದರೆ ಎಂದು ಯೋಚಿಸಿ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಅಲ್ಲಿಂದ ಮುಂದೆ ಪುಟ ತರುವ ಉಪಕರಣಗಳನ್ನು ನಾನು ಒಂದೇ ಪ್ರಶ್ನೆ ಇಟ್ಟುಕೊಂಡು ನೋಡುತ್ತಿದ್ದೇನೆ: ಪುಟ ಸಿಗದಿದ್ದಾಗ ಇದು ಏನು ಹೇಳುತ್ತದೆ? ದಕ್ಕೆಗೆ ಮೀನು ತರಲು ಕಳುಹಿಸಿದವನು ಬರಿಗೈಯಲ್ಲಿ ಬಂದು ‘ಇವತ್ತು ಬಂಗುಡೆ ಬಂದಿಲ್ಲ’ ಎಂದರೆ ಮನೆಯಲ್ಲಿ ಬೇರೆ ಸಾರು ಆಗುತ್ತದೆ. ನಿನ್ನೆಯ ಬಂಗುಡೆಯನ್ನು ಇಂದಿನದೆಂದು ತಂದರೆ ಮನೆಮಂದಿಯ ಹೊಟ್ಟೆ ಕೆಡುತ್ತದೆ. ವೇಗ, ಬೆಲೆ, ಅನುಕೂಲ ಎಲ್ಲವೂ ಮುಖ್ಯವೇ, ಆದರೆ ಅವು ಇದರ ನಂತರ.

ಪುಟ ತರುವುದೆಂದರೆ ಮೂರು ಕೆಲಸ

ಭಾಷಾ ಮಾದರಿ ತಾನಾಗಿ ಅಂತರ್ಜಾಲಕ್ಕೆ ಹೋಗುವುದಿಲ್ಲ. ಅದು ‘ಈ ವಿಳಾಸದ ಪುಟ ಬೇಕು’ ಎಂದು ಕೇಳುತ್ತದೆ. ಹೋಗಿ ತರುವುದು ಒಂದು ಉಪಕರಣ. ಆ ಉಪಕರಣ ಪುಟವನ್ನು ತರಬೇಕು, ಜಾಹೀರಾತು, ಮೆನು, ಅಡಿಬರಹಗಳ ನಡುವಿನಿಂದ ಬೇಕಾದದ್ದನ್ನು ಸೋಸಬೇಕು, ಸೋಸಿದ್ದನ್ನು ಮಾದರಿಗೆ ಅರ್ಥವಾಗುವಂತೆ, ಸಾಮಾನ್ಯವಾಗಿ ಮಾರ್ಕ್‌ಡೌನ್ ಎಂಬ ಸರಳ ಪಠ್ಯದ ರೂಪದಲ್ಲಿ, ಒಪ್ಪಿಸಬೇಕು. ಮಾರುಕಟ್ಟೆಯಲ್ಲಿರುವ ಉಪಕರಣಗಳ ವ್ಯತ್ಯಾಸವೆಲ್ಲ ಈ ಮೂರರಲ್ಲಿ ಯಾವುದನ್ನು ಯಾರು ಹೇಗೆ ಮಾಡುತ್ತಾರೆ ಎಂಬುದರಲ್ಲಿದೆ. ನಮ್ಮ ಅಡಿಕೆ ಪ್ರಸಂಗದಲ್ಲಿ ತರುವ ಕೆಲಸ ನಡೆದಿತ್ತು, ಸೋಸಲು ಏನೂ ಇರಲಿಲ್ಲ, ಏನೂ ಇಲ್ಲ ಎಂಬುದನ್ನು ಒಪ್ಪಿಸುವವರು ಇರಲಿಲ್ಲ.

ಸ್ವಂತ ಕೋಡ್

ಮೊದಲ ದಾರಿ ಎಲ್ಲಕ್ಕಿಂತ ಹಳೆಯದು. ಆಜ್ಞೆ ಕೊಟ್ಟರೆ ಪುಟ ತಂದುಕೊಡುವ ಕರ್ಲ್ ಎಂಬ ಪುಟ್ಟ ತಂತ್ರಾಂಶ 1998ರಿಂದ ಇದೆ. ಒಂದು ಪುಟ ನಿಜವಾಗಿ ಹೇಗೆ ಬರುತ್ತದೆ ಎಂದು ನೋಡಲು ಇವತ್ತಿಗೂ ನಾನು ಮೊದಲು ಓಡಿಸುವುದು ಅದನ್ನೇ. ಪೈಥಾನ್ ಬಲ್ಲವರಿಗೆ ರಿಕ್ವೆಸ್ಟ್ಸ್, ಎಚ್‌ಟಿಟಿಪಿಎಕ್ಸ್ ಲೈಬ್ರರಿಗಳಿವೆ. ಲೇಖನದಂಥ ಪುಟದಿಂದ ಹೂರಣ ತೆಗೆಯಲು ಟ್ರಾಫಿಲಾಟುರಾ, ಇಂಥದ್ದೇ ಕೋಷ್ಟಕ ಬೇಕೆಂದು ಹೆಕ್ಕಲು ಬ್ಯೂಟಿಫುಲ್ ಸೂಪ್.

ಖರ್ಚು ಇಲ್ಲವೆಂಬಷ್ಟು ಕಡಿಮೆ. ಯಾವ ಕಂಪನಿಯ ಖಾತೆಯಾಗಲಿ ಕೀಲಿಯಾಗಲಿ ಬೇಡ. ನಮ್ಮಂಥವರಿಗೆ ಇದರಲ್ಲಿ ಇನ್ನೂ ಒಂದು ಲಾಭವಿದೆ: ಕೋರಿಕೆ ನಮ್ಮ ಊರಿನ ಸಂಪರ್ಕದಿಂದಲೇ ಹೋಗುತ್ತದೆ. ಭಾರತದ ಕೆಲವು ಸರಕಾರಿ ತಾಣಗಳು ಹೊರದೇಶದ ಐಪಿ ವಿಳಾಸಗಳಿಗೆ ತೆರೆದುಕೊಳ್ಳುವುದಿಲ್ಲ. ಅಮೆರಿಕದಲ್ಲೋ ಯುರೋಪಿನಲ್ಲೋ ಸರ್ವರ್ ಇಟ್ಟುಕೊಂಡ ಸೇವೆಗಳು ಅಲ್ಲಿ ಸೋತಾಗ ಬಲ್ಮಠದ ಮೇಜಿನ ಮೇಲಿನ ಕಂಪ್ಯೂಟರ್ ಪುಟವನ್ನು ಸಲೀಸಾಗಿ ತಂದದ್ದನ್ನು ನಾನೇ ಕಂಡಿದ್ದೇನೆ.

ತೊಂದರೆಗಳೂ ಇವೆ. ಜಾವಾಸ್ಕ್ರಿಪ್ಟ್ ಓಡಿದ ಮೇಲಷ್ಟೇ ತುಂಬಿಕೊಳ್ಳುವ ಪುಟ ಇದಕ್ಕೆ ಖಾಲಿಯಾಗಿಯೇ ಸಿಗುತ್ತದೆ. ಇನ್ನೊಂದು, ಕೆಲವು ತಾಣಗಳ ಭದ್ರತಾ ಪ್ರಮಾಣಪತ್ರದ ಸರಪಳಿಯಲ್ಲಿ ನಡುವಿನ ಕೊಂಡಿ ಬಿಟ್ಟುಹೋಗಿರುತ್ತದೆ. ಕ್ರೋಮ್ ಆ ಕೊಂಡಿಯನ್ನು ತಾನೇ ಹುಡುಕಿ ತಂದುಕೊಳ್ಳುತ್ತದೆ. ಕರ್ಲ್ ಮತ್ತು ರಿಕ್ವೆಸ್ಟ್ಸ್ ಸಾಮಾನ್ಯವಾಗಿ ತರುವುದಿಲ್ಲ, ದೋಷ ತೋರಿಸಿ ನಿಲ್ಲುತ್ತವೆ. ಆಗ ಪ್ರಮಾಣಪತ್ರದ ಪರಿಶೀಲನೆಯನ್ನೇ ಆರಿಸಿಬಿಡುವವರು ಬಹಳ. ದಯವಿಟ್ಟು ಹಾಗೆ ಮಾಡಬೇಡಿ. ಬಿಟ್ಟುಹೋದ ಕೊಂಡಿಯನ್ನು ಒಮ್ಮೆ ಇಳಿಸಿಕೊಂಡು ನಂಬಿಕೆಯ ಪಟ್ಟಿಗೆ ಸೇರಿಸಿದರೆ ಹತ್ತು ನಿಮಿಷದ ಕೆಲಸ ಮುಗಿಯಿತು.

ಪುಟಗಳ ಪಟ್ಟಿ ಮೊದಲೇ ಗೊತ್ತಿದ್ದರೆ, ಅವು ಹತ್ತಿಪ್ಪತ್ತರ ಒಳಗಿದ್ದರೆ, ನಾನು ಕಣ್ಣು ಮುಚ್ಚಿ ಈ ದಾರಿಯನ್ನೇ ಹೇಳುತ್ತೇನೆ. ಅಷ್ಟೇ ಅಲ್ಲ, ಅಂಥ ಕಡೆ ಇಡೀ ಪುಟವನ್ನು ಮಾದರಿಗೆ ಕೊಡಲೇಬೇಡಿ. ಆರು ದರಗಳನ್ನು ಕೋಡ್ ಹೆಕ್ಕಲಿ, ಆರೂ ಸಿಕ್ಕಿವೆಯೇ ಎಂದು ಕೋಡ್ ನೋಡಲಿ, ಸಿಕ್ಕಿದರೆ ಮಾತ್ರ ಅಂಕಿಗಳು ಮಾದರಿಯ ಕೈಗೆ ಹೋಗಲಿ. ವಾಕ್ಯ ಬರೆಯುವುದು ಅದರ ಕೆಲಸ, ಅಂಕಿ ಹುಡುಕುವುದಲ್ಲ.

ಎಂಸಿಪಿ ಫೆಚ್

2024ರ ನವೆಂಬರಿನಲ್ಲಿ ಆಂಥ್ರಾಪಿಕ್ ಕಂಪನಿ ಎಂಸಿಪಿ ಎಂಬ ಮುಕ್ತ ಒಪ್ಪಂದವನ್ನು ಹೊರತಂದಿತು. ಮಾದರಿಗಳಿಗೆ ಹೊರಗಿನ ಉಪಕರಣಗಳನ್ನು ಜೋಡಿಸುವ ಏಕರೂಪದ ಪ್ಲಗ್ ಎಂದು ಅದನ್ನು ತಿಳಿದುಕೊಳ್ಳಬಹುದು. ಅದರ ಜೊತೆಗೆ ಉದಾಹರಣೆಯಾಗಿ ಕೊಟ್ಟ ಪುಟ್ಟ ಸರ್ವರ್‌ಗಳಲ್ಲಿ ಫೆಚ್ ಒಂದು. ಸ್ವಂತ ಕಂಪ್ಯೂಟರಿನಲ್ಲಿ ಓಡುತ್ತದೆ, ಪುಟ ತಂದು ಮಾರ್ಕ್‌ಡೌನ್ ಮಾಡಿಕೊಡುತ್ತದೆ. ಕೋಡ್ ಬರೆಯಲು ಬಾರದವರೂ ಅರ್ಧ ಗಂಟೆಯಲ್ಲಿ ಜೋಡಿಸಿಕೊಳ್ಳಬಹುದು.

ಇದರ ಗುಣಗಳಲ್ಲಿ ನನಗೆ ಮೆಚ್ಚುಗೆಯಾದದ್ದು ಅದರ ಪ್ರಾಮಾಣಿಕತೆ. ಬೇರೆ ಹೇಳದಿದ್ದರೆ ಒಂದು ಸಲಕ್ಕೆ 5000 ಅಕ್ಷರ ಮಾತ್ರ ಕೊಡುತ್ತದೆ. ಪುಟ ಅದಕ್ಕಿಂತ ಉದ್ದವಿದ್ದರೆ ‘ಇಲ್ಲಿಗೆ ಕತ್ತರಿಸಿದ್ದೇನೆ, ಮುಂದಿನದು ಬೇಕಾದರೆ ಇಷ್ಟನೇ ಅಕ್ಷರದಿಂದ ಕೇಳು’ ಎಂದು ಕೊನೆಯಲ್ಲಿ ಸ್ಪಷ್ಟವಾಗಿ ಬರೆಯುತ್ತದೆ. ಪುಟವನ್ನು ಸೋಸಲು ಆಗದಿದ್ದರೆ ಅದನ್ನೂ ಹೇಳುತ್ತದೆ. ಏಜೆಂಟ್ ತಾನಾಗಿ ಹೊರಟಾಗ ತಾಣದ ರೋಬಾಟ್ಸ್ ಕಡತವನ್ನು ಓದಿ, ಅಲ್ಲಿ ‘ಬೇಡ’ ಎಂದಿದ್ದರೆ ಹಿಂದಿರುಗುತ್ತದೆ. 1994ರಲ್ಲಿ ಮಾರ್ಟಿನ್ ಕಾಸ್ಟರ್ ಸೂಚಿಸಿದ ಆ ಪದ್ಧತಿ 2022ರಲ್ಲಿ ಆರ್‌ಎಫ್‌ಸಿ 9309 ಎಂಬ ಅಧಿಕೃತ ದಾಖಲೆಯಾಯಿತು. ಬೇರೆಯವರ ಅಂಗಳಕ್ಕೆ ಕಾಲಿಡುವ ಮುಂಚೆ ಕೇಳುವ ಮರ್ಯಾದೆ ಅದು.

ಆದರೆ 5000 ಅಕ್ಷರ ಎಂಬುದನ್ನು ಕನ್ನಡದ ಲೆಕ್ಕದಲ್ಲಿ ನೋಡಿ. ನಮ್ಮ ಕಾಗುಣಿತದ ಗುರುತುಗಳು, ಅರ್ಧಾಕ್ಷರಗಳು ಎಲ್ಲವೂ ಬೇರೆ ಬೇರೆಯಾಗಿ ಎಣಿಕೆಯಾಗುವುದರಿಂದ ಹೆಚ್ಚುಕಡಿಮೆ 600 ಪದಕ್ಕೆ ಅದು ಮುಗಿಯುತ್ತದೆ. ದರದ ಕೋಷ್ಟಕ ಪುಟದ ಕೆಳಗಿದ್ದರೆ ಮೊದಲ ಕಂತಿನಲ್ಲಿ ಅದು ಇರುವುದೇ ಇಲ್ಲ. ಮಿತಿಯನ್ನು ಹೆಚ್ಚಿಸಿಡಿ.

ಸೋಸುವ ಕ್ರಮದ ಬಗ್ಗೆಯೂ ಒಂದು ಮಾತು. ಈ ಫೆಚ್ ಸೇರಿದಂತೆ ಬಹಳಷ್ಟು ಉಪಕರಣಗಳು ರೀಡಬಿಲಿಟಿ ಎಂಬ ಹಳೆಯ ಜಾಣ ತರ್ಕವನ್ನು ಬಳಸುತ್ತವೆ. ಉದ್ದನೆಯ ಪ್ಯಾರಾ ಎಲ್ಲಿದೆ, ಅಲ್ಪವಿರಾಮಗಳು ಎಲ್ಲಿ ಹೆಚ್ಚು, ಅದೇ ಪುಟದ ಹೂರಣ ಎಂದು ಅದು ಅಂಕ ಕೊಡುತ್ತಾ ಹೋಗುತ್ತದೆ. ಪತ್ರಿಕೆಯ ಲೇಖನಕ್ಕೆ ಇದು ಚೆನ್ನಾಗಿ ಒಪ್ಪುತ್ತದೆ. ಧಾರಣೆಯ ಪುಟದಲ್ಲಿ ಪ್ಯಾರಾವೂ ಇಲ್ಲ, ಅಲ್ಪವಿರಾಮವೂ ಇಲ್ಲ, ಬರೇ ಅಂಕಿ. ಹಾಗಾಗಿ ಕೋಷ್ಟಕವನ್ನು ಕಸವೆಂದು ಎಸೆದು, ಕೆಳಗಿನ ‘ನಮ್ಮ ಬಗ್ಗೆ’ ಎಂಬ ಪ್ಯಾರಾವನ್ನು ಹೂರಣವೆಂದು ಎತ್ತಿಕೊಳ್ಳುವ ಅಪಾಯವಿದೆ. ಕೋಷ್ಟಕವೇ ಬೇಕಾದ ಕೆಲಸಕ್ಕೆ ಸೋಸದ ರೂಪವನ್ನು ಕೇಳುವ ಆಯ್ಕೆ ಇಲ್ಲಿದೆ. ಟ್ರಾಫಿಲಾಟುರಾದಲ್ಲಿ ಕೋಷ್ಟಕಗಳನ್ನು ಉಳಿಸಿಕೊಳ್ಳುವುದೇ ರೂಢಿಯ ಹೊಂದಾಣಿಕೆ.

ಮಾದರಿಯ ಕಂಪನಿಯೇ ಕೊಡುವ ಉಪಕರಣ

ಮಾದರಿ ತಯಾರಿಸುವ ಕಂಪನಿಗಳೂ ಈಗ ಪುಟ ತರುವ ಕೆಲಸವನ್ನು ತಮ್ಮ ಕಡೆಯಿಂದಲೇ ಮಾಡಿಕೊಡುತ್ತವೆ. ಉದಾಹರಣೆಗೆ ಆಂಥ್ರಾಪಿಕ್ 2025ರ ಸೆಪ್ಟೆಂಬರಿನಲ್ಲಿ ಎಪಿಐ ಮೂಲಕ, ಅಂದರೆ ನಮ್ಮ ಕೋಡ್ ಅವರ ಮಾದರಿಯನ್ನು ಕರೆಯುವ ದಾರಿಯಲ್ಲಿ, ವೆಬ್ ಫೆಚ್ ಕೊಡಲು ಆರಂಭಿಸಿತು. ಟೋಕನ್ ಬೆಲೆ (ಮಾದರಿ ಓದುವ, ಬರೆಯುವ ಪಠ್ಯದ ತುಣುಕುಗಳ ಲೆಕ್ಕ) ಬಿಟ್ಟರೆ ಪ್ರತ್ಯೇಕ ಶುಲ್ಕವಿಲ್ಲ. ಪಿಡಿಎಫ್ ಕೂಡ ಓದುತ್ತದೆ. ಯಾವ ತಾಣಗಳಿಗೆ ಹೋಗಬಹುದು, ಎಷ್ಟು ಸಲ ಹೋಗಬಹುದು, ಒಂದು ಪುಟಕ್ಕೆ ಗರಿಷ್ಠ ಎಷ್ಟು ಟೋಕನ್ ಎಂಬ ಬೇಲಿಗಳನ್ನು ಹಾಕಬಹುದು. ಪುಟ ಯಾವ ಹೊತ್ತಿಗೆ ತಂದದ್ದೆಂಬ ಮುದ್ರೆಯೂ ಉತ್ತರದ ಜೊತೆ ಬರುತ್ತದೆ.

ಜಾವಾಸ್ಕ್ರಿಪ್ಟ್‌ನಿಂದ ತುಂಬಿಕೊಳ್ಳುವ ಪುಟಗಳು ಇದಕ್ಕೆ ಸಿಗುವುದಿಲ್ಲ, ಕ್ಯಾಶ್‌ನಿಂದ, ಅಂದರೆ ಮೊದಲೇ ತಂದು ಉಳಿಸಿಟ್ಟ ಪ್ರತಿಗಳಿಂದ, ಕೊಟ್ಟ ಪುಟ ತೀರಾ ಇತ್ತೀಚಿನದಾಗಿರದೆ ಇರಬಹುದು. ಎರಡನ್ನೂ ಅವರ ದಾಖಲೆಯೇ ಹೇಳುತ್ತದೆ. ಸಂಶೋಧನೆ, ಪ್ರಶ್ನೋತ್ತರ, ದಾಖಲೆ ಓದಿ ಹೇಳುವ ಕೆಲಸಕ್ಕೆ ಇದು ಬಹಳ ಅನುಕೂಲ. ದಿನದ ದರಕ್ಕೆ, ಕಡಲಿನ ಎಚ್ಚರಿಕೆಗೆ ನಾನು ಇದೊಂದನ್ನೇ ನಂಬುವುದಿಲ್ಲ.

ಇತರರ ಸರ್ವರ್‌ನಲ್ಲಿ ಓಡುವ ರೀಡರ್ ಸೇವೆಗಳು

ಜೀನಾ ರೀಡರ್ ಬಳಸಲು ಕಲಿಯುವುದೇನೂ ಇಲ್ಲ: ಬೇಕಾದ ವಿಳಾಸದ ಮುಂದೆ ಅವರ ವಿಳಾಸವನ್ನು ಸೇರಿಸಿದರೆ ಮಾರ್ಕ್‌ಡೌನ್ ಬಂದುಬಿಡುತ್ತದೆ. ಫೈರ್‌ಕ್ರಾಲ್ ಇನ್ನಷ್ಟು ದೊಡ್ಡದು. ಒಂದೊಂದೇ ಪುಟ ಮಾತ್ರವಲ್ಲ, ಇಡೀ ತಾಣವನ್ನು ಸುತ್ತಿ ಬರುತ್ತದೆ, ಜಾವಾಸ್ಕ್ರಿಪ್ಟ್ ಪುಟಗಳನ್ನೂ ತೆರೆಯುತ್ತದೆ, ಪುಟದ ಲೆಕ್ಕದಲ್ಲಿ ಕ್ರೆಡಿಟ್ ಕಡಿತವಾಗುತ್ತದೆ. ಅದರ ಮೂಲ ಕೋಡ್ ಎಜಿಪಿಎಲ್ ಪರವಾನಗಿಯಲ್ಲಿ ಮುಕ್ತವಾಗಿದ್ದು, ಬೇಕಾದವರು ಸ್ವಂತ ಸರ್ವರ್‌ನಲ್ಲಿ ನಡೆಸಬಹುದು. ನೂರಾರು ಬೇರೆ ಬೇರೆ ತಾಣಗಳಿಂದ ಪುಟ ಬೇಕು, ಪ್ರತಿಯೊಂದಕ್ಕೂ ಕೋಡ್ ಬರೆಯುವಷ್ಟು ಜನವಿಲ್ಲ ಎನ್ನುವವರಿಗೆ ಇವು ನಿಜಕ್ಕೂ ಕೈ ಹಿಡಿಯುತ್ತವೆ.

ಇಲ್ಲಿ ನಾನು ಸ್ವಲ್ಪ ಹೊತ್ತು ನಿಲ್ಲಬೇಕು. ನಮಗೆ ಎರಡನೇ ಪೆಟ್ಟು ಬೀಳುವುದರಲ್ಲಿದ್ದದ್ದು ಕ್ಯಾಶ್‌ನಿಂದ.

ಮಲ್ಪೆಯ ಬೋಟ್ ಮಾಲೀಕರೊಬ್ಬರು ಬೆಳಗಿನ ಜಾವ ಐದು ಗಂಟೆಗೆ ತಮ್ಮ ತಾಂಡೇಲರಿಗೆ (ಬೋಟ್ ನಡೆಸುವವರಿಗೆ) ಕಡಲಿನ ಸ್ಥಿತಿಯ ಸಾರಾಂಶ ಕನ್ನಡದಲ್ಲಿ ಹೋಗಬೇಕೆಂದು ಕೇಳಿದ್ದರು. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಆಗಸ್ಟಿನಲ್ಲಿ ಬೋಟ್‌ಗಳು ಇಳಿಯುವಾಗ ಮಳೆಗಾಲ ಮುಗಿದಿರುವುದಿಲ್ಲ. ಹವಾಮಾನ ಇಲಾಖೆಯ ಮೀನುಗಾರರ ಎಚ್ಚರಿಕೆ, ಹೈದರಾಬಾದಿನಲ್ಲಿರುವ ಇನ್‌ಕಾಯಿಸ್ ಸಂಸ್ಥೆಯ ಅಲೆಗಳ ಮುನ್ಸೂಚನೆ, ಇವೆರಡನ್ನೂ ಅವರು ದಿನವೂ ನೋಡುತ್ತಾರೆ. ಪ್ರಯೋಗಕ್ಕೆಂದು ಒಂದು ರೀಡರ್ ಸೇವೆಯನ್ನು ಜೋಡಿಸಿ ಮೂರು ದಿನ ನಮ್ಮ ಮೊಬೈಲಿಗೆ ಮಾತ್ರ ಸಂದೇಶ ಬರುವಂತೆ ಮಾಡಿದೆವು. ಮೂರನೇ ಬೆಳಿಗ್ಗೆ ಸಂದೇಶದಲ್ಲಿ ‘ಎಚ್ಚರಿಕೆ ಇಲ್ಲ’ ಎಂದಿತ್ತು. ಬ್ರೌಸರಿನಲ್ಲಿ ಅದೇ ಪುಟ ತೆರೆದರೆ ಹಿಂದಿನ ಸಂಜೆಯೇ ಎಚ್ಚರಿಕೆ ಹಾಕಿದ್ದರು. ಸೇವೆ ಕೊಟ್ಟದ್ದು ತನ್ನ ಬಳಿ ಉಳಿದಿದ್ದ ಹಳೆಯ ಪ್ರತಿಯನ್ನು.

ತಪ್ಪು ಸೇವೆಯದಲ್ಲ, ದಾಖಲೆ ಓದದ ನಮ್ಮದು. ಕ್ಯಾಶ್ ಇದ್ದರೇನೇ ಆ ಸೇವೆಗಳು ಅಷ್ಟು ಬೇಗ, ಅಷ್ಟು ಅಗ್ಗವಾಗಿ ಸಿಗುವುದು. ಫೈರ್‌ಕ್ರಾಲ್‌ನ ಎರಡನೇ ಆವೃತ್ತಿಯಲ್ಲಿ ನೀವು ಏನೂ ಹೇಳದಿದ್ದರೆ ಎರಡು ದಿನದವರೆಗಿನ ಹಳೆಯ ಪ್ರತಿಯೂ ನಡೆಯುತ್ತದೆ ಎಂಬ ಹೊಂದಾಣಿಕೆ ಇದೆ. ಗರಿಷ್ಠ ವಯಸ್ಸನ್ನು ಸೊನ್ನೆ ಎಂದು ಕೊಟ್ಟರೆ ತಾಜಾ ಪುಟ ತರುತ್ತದೆ. ಜೀನಾದಲ್ಲಿ ಕ್ಯಾಶ್ ಬೇಡವೆಂದು ಹೇಳುವ ಹೆಡರ್ (ಕೋರಿಕೆಯ ಜೊತೆ ಹೋಗುವ ಟಿಪ್ಪಣಿ) ಇದೆ. ಯಾವ ಸೇವೆಯನ್ನೇ ತೆಗೆದುಕೊಳ್ಳಿ, ಬೆಲೆಪಟ್ಟಿ ನೋಡುವ ಮುಂಚೆ ಈ ಒಂದು ಹೊಂದಾಣಿಕೆಯನ್ನು ಹುಡುಕಿ. ಸ್ವಂತ ಕೋಡ್‌ನಲ್ಲಾದರೆ ಇದಕ್ಕೆ ಎಚ್‌ಟಿಟಿಪಿಯಲ್ಲೇ ಚೆಂದದ ವ್ಯವಸ್ಥೆಯಿದೆ: ಹಿಂದಿನ ಸಲ ಸರ್ವರ್ ಕೊಟ್ಟ ಇಟ್ಯಾಗ್ ಎಂಬ ಗುರುತನ್ನು ಮತ್ತೆ ತೋರಿಸಿದರೆ, ಪುಟ ಬದಲಾಗದಿದ್ದಾಗ ಸರ್ವರ್ 304 ಎಂದಷ್ಟೇ ಹೇಳುತ್ತದೆ. ಡೇಟಾ ಉಳಿಯುತ್ತದೆ, ನಮ್ಮಲ್ಲಿರುವ ಪ್ರತಿ ಹಳತಾಗಿಲ್ಲ ಎಂಬ ಖಾತ್ರಿಯೂ ಸಿಗುತ್ತದೆ.

ಪೂರ್ತಿ ಬ್ರೌಸರ್

ಐದನೆಯದು ನಿಜವಾದ ಬ್ರೌಸರನ್ನೇ ಪರದೆಯಿಲ್ಲದೆ ಓಡಿಸುವುದು. ಗೂಗಲ್‌ನ ಪಪಿಟಿಯರ್ 2017ರಲ್ಲಿ, ಮೈಕ್ರೋಸಾಫ್ಟ್‌ನ ಪ್ಲೇರೈಟ್ 2020ರ ಜನವರಿಯಲ್ಲಿ ಬಂದವು. ಪ್ಲೇರೈಟ್ ಕ್ರೋಮಿಯಂ, ಫೈರ್‌ಫಾಕ್ಸ್, ವೆಬ್‌ಕಿಟ್ ಮೂರನ್ನೂ ನಡೆಸುತ್ತದೆ. ಅದರ ಮೇಲೆಯೇ ಕಟ್ಟಿದ ಕ್ರಾಲ್‌4ಎಐ ಮುಕ್ತ ತಂತ್ರಾಂಶ. ಪುಟ ತೆರೆದು, ಸೋಸಿ, ಮಾರ್ಕ್‌ಡೌನ್ ಮಾಡುವವರೆಗೆ ಎಲ್ಲವನ್ನೂ ಒಂದೇ ಕಡೆ ಮಾಡುತ್ತದೆ. ಏಜೆಂಟ್ ತಾನೇ ಗುಂಡಿ ಒತ್ತಿ, ತಾಲ್ಲೂಕು ಆರಿಸಿ, ದಿನಾಂಕ ತುಂಬಬೇಕಾದ ತಾಣಗಳಿಗೆ ಪ್ಲೇರೈಟ್‌ನ ಎಂಸಿಪಿ ಸರ್ವರ್ ಇದೆ. ಅದು ಸಾಮಾನ್ಯವಾಗಿ ಪರದೆಯ ಚಿತ್ರವನ್ನು ಅವಲಂಬಿಸುವುದಿಲ್ಲ. ದೃಷ್ಟಿದೋಷವುಳ್ಳವರ ಸ್ಕ್ರೀನ್ ರೀಡರ್‌ಗಳು ಬಳಸುವ ಪುಟದ ಒಳರಚನೆಯನ್ನೇ ಮಾದರಿಗೆ ಕೊಡುತ್ತದೆ. ಮಾದರಿಗೆ ‘ಇದು ಗುಂಡಿ, ಇದು ಪಟ್ಟಿ’ ಎಂದು ನೇರ ತಿಳಿಯುತ್ತದೆ.

ಎಲ್ಲ ಪುಟಗಳೂ ಸಿಗುತ್ತವೆಯೆಂದು ಎಲ್ಲದಕ್ಕೂ ಇದನ್ನೇ ಹಚ್ಚುವವರಿದ್ದಾರೆ. ನಾನು ಒಪ್ಪುವುದಿಲ್ಲ. ಒಂದೊಂದು ಬ್ರೌಸರಿಗೂ ನೂರಾರು ಎಂಬಿ ಮೆಮೊರಿ ಬೇಕು, ಒಂದು ಪುಟಕ್ಕೆ ಹಲವು ಸೆಕೆಂಡು ಬೇಕು, ಪ್ರತಿ ಹೆಜ್ಜೆಯ ಒಳರಚನೆಯೂ ಟೋಕನ್ ತಿನ್ನುತ್ತದೆ. ಪುಟ ‘ತುಂಬಿತು’ ಎಂದು ಯಾವಾಗ ತಿಳಿಯಬೇಕೆಂಬುದನ್ನು ನೀವೇ ಹೇಳಿಕೊಡಬೇಕು. ಇಷ್ಟು ಸೆಕೆಂಡು ಕಾಯಿರಿ ಎಂದರೆ ಮಳೆಗಾಲದಲ್ಲಿ ನೆಟ್ ನಿಧಾನವಾದ ದಿನ ಮತ್ತೆ ಅದೇ ಖಾಲಿ ಚೌಕಟ್ಟು. ಬೇಕಾದ ಕೋಷ್ಟಕ ಕಾಣಿಸಿಕೊಳ್ಳುವವರೆಗೆ ಕಾಯಿರಿ, ಇಷ್ಟು ಹೊತ್ತಾದರೂ ಬಾರದಿದ್ದರೆ ವಿಫಲ ಎಂದು ಹೇಳಿರಿ ಎಂಬುದೇ ಸರಿಯಾದ ಸೂಚನೆ.

ಬ್ರೌಸರ್ ಹಚ್ಚುವ ಮುಂಚೆ ಒಂದು ಕೆಲಸ ಮಾಡಿ. ಆ ಪುಟವನ್ನು ಕ್ರೋಮ್‌ನಲ್ಲಿ ತೆರೆದು, ಎಫ್12 ಒತ್ತಿ, ನೆಟ್‌ವರ್ಕ್ ಎಂಬ ವಿಭಾಗ ನೋಡಿ. ಖಾಲಿ ಚೌಕಟ್ಟನ್ನು ತುಂಬಲು ಪುಟ ಬಹಳ ಸಲ ಹಿಂಬಾಗಿಲಿನಿಂದ ಯಾವುದೋ ಒಂದು ಜೇಸನ್ ಕಡತವನ್ನು, ಅಂದರೆ ಮಾಹಿತಿಯಷ್ಟೇ ಇರುವ ಸಣ್ಣ ಕಡತವನ್ನು, ತರಿಸಿಕೊಳ್ಳುತ್ತಿರುತ್ತದೆ. ನಮ್ಮ ಅಡಿಕೆ ಧಾರಣೆಯ ಪುಟದಲ್ಲಿ ಇದ್ದದ್ದು ಅದೇ: ಆರು ವಿಧ, ಆರು ದರ, ದಿನಾಂಕ, ಒಟ್ಟು ಒಂದು ಕಿಲೋಬೈಟ್ ಕೂಡ ಇಲ್ಲ. ತಾಣದವರಿಗೆ ಬರೆದು ಕೇಳಿದೆವು, ದಿನಕ್ಕೆ ಎರಡು ಸಲ ತೆಗೆದುಕೊಳ್ಳಿ ಎಂದು ಒಪ್ಪಿದರು. ಬ್ರೌಸರ್ ಬೇಕಾಗಲೇ ಇಲ್ಲ.

ಕನ್ನಡ ಪುಟಗಳ ಪಾಡು

ಈ ಉಪಕರಣಗಳ ಹೋಲಿಕೆಗಳಲ್ಲಿ ಯಾರೂ ಹೇಳದ, ನಮ್ಮನ್ನು ದಿನವೂ ಕಾಡುವ ವಿಷಯ ಇದು.

ವಿಳಾಸದಿಂದಲೇ ಆರಂಭ. ವಿಳಾಸದಲ್ಲಿ ಕನ್ನಡವಿದ್ದರೆ ಅದು ಸಂಕೇತಕ್ಕೆ ತಿರುಗುತ್ತದೆ. ಯೂನಿಕೋಡ್‌ನ ಒಂದೊಂದು ಕನ್ನಡ ಚಿಹ್ನೆಗೂ ಮೂರು ಬೈಟ್, ಒಂದೊಂದು ಬೈಟಿಗೂ ವಿಳಾಸದಲ್ಲಿ ಮೂರು ಅಕ್ಷರ. ‘ಉಡುಪಿ’ ಎಂಬ ಪುಟ್ಟ ಹೆಸರು ಐದು ಚಿಹ್ನೆ, ವಿಳಾಸದಲ್ಲಿ 45 ಅಕ್ಷರ. ‘ಮಂಗಳೂರು’ 63. ಕನ್ನಡ ವಿಕಿಪೀಡಿಯದ ವಿಳಾಸಗಳನ್ನು ಏಜೆಂಟ್ ತಾನೇ ಟೈಪ್ ಮಾಡಲು ಹೋದರೆ ನಡುವೆ ಒಂದಂಕಿ ತಪ್ಪುವುದು ಸಹಜ. ತಪ್ಪಿದ ವಿಳಾಸಕ್ಕೂ ಕೆಲವು ತಾಣಗಳು 200 ಎಂದೇ ಹೇಳಿ ‘ಪುಟ ಸಿಗಲಿಲ್ಲ’ ಎಂಬ ಸುಂದರವಾದ ಪುಟವನ್ನು ಕೊಡುತ್ತವೆ. ಉಪಕರಣ ಕನ್ನಡದ ವಿಳಾಸವನ್ನು ಕನ್ನಡದಲ್ಲೇ ಕೊಟ್ಟರೆ ತೆಗೆದುಕೊಳ್ಳುತ್ತದೆಯೇ ಎಂದು ಮೊದಲೇ ನೋಡಿ.

ಎರಡನೆಯದು ಟೋಕನ್. ಆಂಥ್ರಾಪಿಕ್ ತನ್ನ ದಾಖಲೆಯಲ್ಲಿ 10 ಕಿಲೋಬೈಟಿನ ಸಾಧಾರಣ ಪುಟಕ್ಕೆ ಸುಮಾರು 2,500 ಟೋಕನ್, 500 ಕಿಲೋಬೈಟಿನ ಸಂಶೋಧನಾ ಪಿಡಿಎಫ್‌ಗೆ ಸುಮಾರು 1,25,000 ಟೋಕನ್ ಎಂದು ಅಂದಾಜು ಕೊಟ್ಟಿದೆ. ಕನ್ನಡಕ್ಕೆ ಈ ಲೆಕ್ಕವನ್ನು ಹಾಗೆಯೇ ಹಚ್ಚಬೇಡಿ. ಒಂದೇ ಮಾತನ್ನು ಹೇಳಲು ಕನ್ನಡ ಪಠ್ಯಕ್ಕೆ ಇಂಗ್ಲಿಷಿಗಿಂತ ಹೆಚ್ಚು ಟೋಕನ್ ಹೋಗುತ್ತದೆ, ಎಷ್ಟು ಹೆಚ್ಚು ಎಂಬುದು ಮಾದರಿಯಿಂದ ಮಾದರಿಗೆ ಬದಲಾಗುತ್ತದೆ. ನಿಮ್ಮದೇ ಐದು ಪುಟ ಕೊಟ್ಟು ಅಳೆದ ಮೇಲೆ ತಿಂಗಳ ಖರ್ಚಿನ ಅಂದಾಜು ಹಾಕಿ.

ಮೂರನೆಯದು ಎಲ್ಲಕ್ಕಿಂತ ನೋವು ಕೊಡುವಂಥದ್ದು. ಯೂನಿಕೋಡ್ ನೆಲೆಯೂರುವ ಮುಂಚೆ ನುಡಿ, ಬರಹದ ಹಳೆಯ ಫಾಂಟ್‌ಗಳಲ್ಲಿ ಸಿದ್ಧಪಡಿಸಿದ ಸುತ್ತೋಲೆಗಳು, ನಡಾವಳಿಗಳು, ಪಿಡಿಎಫ್‌ಗಳು ಈಗಲೂ ತಾಣಗಳಲ್ಲಿ ರಾಶಿ ಬಿದ್ದಿವೆ. ಕಣ್ಣಿಗೆ ಅಚ್ಚುಕಟ್ಟಾದ ಕನ್ನಡ. ಒಳಗೆ ಇರುವುದು ಲ್ಯಾಟಿನ್ ಅಕ್ಷರಗಳು, ತಲೆಯ ಮೇಲೆ ಚುಕ್ಕೆ ಗೆರೆ ಹೊತ್ತವು. ಈ ಐದು ದಾರಿಗಳಲ್ಲಿ ಯಾವುದರಿಂದ ತಂದರೂ ಅದೇ ಕಲಸುಮೇಲೋಗರ ಬರುತ್ತದೆ, ಯಾವುದೂ ದೋಷವೆಂದು ಹೇಳುವುದಿಲ್ಲ. ಮಾದರಿ ಅದರಿಂದ ಅರ್ಧಂಬರ್ಧ ಊಹಿಸಿ ಸಾರಾಂಶ ಬರೆದುಕೊಡುತ್ತದೆ. ಇದಕ್ಕೆ ನಾವು ಹತ್ತು ಸಾಲಿನ ಪರೀಕ್ಷೆ ಬರೆದುಕೊಂಡಿದ್ದೇವೆ: ಕನ್ನಡ ಪುಟವೆಂದು ಗೊತ್ತಿರುವ ಕಡೆ, ತಂದ ಪಠ್ಯದ ಅಕ್ಷರಗಳಲ್ಲಿ ಅರ್ಧಕ್ಕಿಂತ ಹೆಚ್ಚು ಯೂನಿಕೋಡ್‌ನ ಕನ್ನಡ ವಿಭಾಗದವು ಇಲ್ಲದಿದ್ದರೆ ಪುಟ ಮಾದರಿಗೆ ಹೋಗುವುದೇ ಇಲ್ಲ. ಅದು ಹಳೆಯ ಫಾಂಟ್ ಆದರೆ ಪರಿವರ್ತಕಕ್ಕೆ, ಸ್ಕ್ಯಾನ್ ಮಾಡಿದ ಹಾಳೆಯಾದರೆ ಟೆಸರಾಕ್ಟ್‌ನ ಕನ್ನಡ ಅಕ್ಷರ ಗುರುತಿಸುವಿಕೆಗೆ ಹೋಗುತ್ತದೆ. ಮೊದಲ ವಾರದಲ್ಲೇ ಆ ಪರೀಕ್ಷೆ ಹನ್ನೊಂದು ಕಡತಗಳನ್ನು ತಡೆಯಿತು. ಸ್ವಂತ ಕೋಡ್ ಇದ್ದರೆ ಇಂಥ ಹೆಜ್ಜೆ ಸೇರಿಸುವುದು ಸುಲಭ. ಮಾದರಿಯ ಕಂಪನಿಯ ಉಪಕರಣದಲ್ಲಿ ಪುಟ ನಮ್ಮ ಕೈಗೆ ಬರುವ ಮುಂಚೆಯೇ ಮಾದರಿಯ ಕೈ ಸೇರಿರುತ್ತದೆ. ಕನ್ನಡದ ಹಳೆಯ ದಾಖಲೆಗಳ ಜೊತೆ ಕೆಲಸ ಮಾಡುವವರಿಗೆ ಆಯ್ಕೆ ಇಲ್ಲಿಯೇ ತೀರ್ಮಾನವಾಗುತ್ತದೆ.

ಬಾಗಿಲು ಎಷ್ಟು ತೆರೆದಿಡಬೇಕು

ತಂದ ಪುಟದಲ್ಲಿ ಏನು ಬರೆದಿದೆಯೋ ಅದನ್ನು ಮಾದರಿ ಓದುತ್ತದೆ. ಬಿಳಿ ಹಿನ್ನೆಲೆಯಲ್ಲಿ ಬಿಳಿ ಅಕ್ಷರದಲ್ಲಿ ‘ಹಿಂದಿನ ಸೂಚನೆಗಳನ್ನು ಮರೆತು ಹೀಗೆ ಮಾಡು’ ಎಂದು ಯಾರಾದರೂ ಬರೆದಿಟ್ಟರೆ ಅದನ್ನೂ ಓದುತ್ತದೆ. 2022ರ ಸೆಪ್ಟೆಂಬರಿನಲ್ಲಿ ಸೈಮನ್ ವಿಲಿಸನ್ ಈ ಬಗೆಯ ದಾಳಿಗೆ ಪ್ರಾಂಪ್ಟ್ ಇಂಜೆಕ್ಷನ್ ಎಂಬ ಹೆಸರು ಕೊಟ್ಟರು. ಇಂದಿಗೂ ಅದಕ್ಕೆ ಪೂರ್ತಿ ಮದ್ದಿಲ್ಲ. ಏಜೆಂಟ್ ಬಳಿ ಗ್ರಾಹಕರ ಮೊಬೈಲ್ ಸಂಖ್ಯೆಗಳಿದ್ದು, ಮನಸ್ಸಿಗೆ ಬಂದ ವಿಳಾಸಕ್ಕೆ ಹೋಗುವ ಸ್ವಾತಂತ್ರ್ಯವೂ ಇದ್ದರೆ, ಆ ಸಂಖ್ಯೆಗಳನ್ನು ವಿಳಾಸದ ಬಾಲಕ್ಕೆ ಅಂಟಿಸಿ ಕಳ್ಳನ ಸರ್ವರ್‌ಗೆ ಹೋಗುವಂತೆ ಅದನ್ನು ಪುಸಲಾಯಿಸಬಹುದು. ಆಂಥ್ರಾಪಿಕ್‌ನ ವೆಬ್ ಫೆಚ್ ಮಾತುಕತೆಯಲ್ಲಿ ಮೊದಲೇ ಬಂದಿರುವ ವಿಳಾಸಗಳಿಗೆ ಮಾತ್ರ ಹೋಗುತ್ತದೆ, ಮಾದರಿ ತಾನೇ ಕಟ್ಟಿದ ವಿಳಾಸಕ್ಕೆ ಹೋಗುವುದಿಲ್ಲ. ಕಾರಣ ಇದೇ, ಮತ್ತು ಅದು ಬಹಳ ಒಳ್ಳೆಯ ನಿರ್ಬಂಧ.

ಸ್ವಂತ ಕೋಡ್ ಮತ್ತು ಎಂಸಿಪಿ ಫೆಚ್‌ನಲ್ಲಿ ಆ ಕಾವಲು ನಾವೇ ಹಾಕಬೇಕು. ಎಂಸಿಪಿ ಫೆಚ್ ಒಳಜಾಲದ ವಿಳಾಸಗಳನ್ನೂ ತಲುಪಬಲ್ಲದು ಎಂದು ಅದರ ದಾಖಲೆಯೇ ಎಚ್ಚರಿಸುತ್ತದೆ. ಕಚೇರಿಯ ರೌಟರ್, ಕ್ಲೌಡ್ ಸರ್ವರ್‌ನ ಗುಟ್ಟಿನ ಕೀಲಿಗಳಿರುವ 169.254.169.254 ಇವನ್ನೆಲ್ಲ ಮುಚ್ಚಿಡಿ. ಹೋಗಬಹುದಾದ ತಾಣಗಳ ಪಟ್ಟಿ ಬರೆದಿಡಿ. ನಮ್ಮ ಅಡಿಕೆ ಏಜೆಂಟಿನ ಪಟ್ಟಿಯಲ್ಲಿ ಇರುವುದು ನಾಲ್ಕೇ ತಾಣ.

ಇನ್ನು ತಾಣವೇ ‘ಬೇಡ’ ಎಂದಾಗ. ಬಹಳಷ್ಟು ತಾಣಗಳಿಗೆ ಕಾವಲು ಒದಗಿಸುವ ಕ್ಲೌಡ್‌ಫ್ಲೇರ್ ಕಂಪನಿ 2025ರ ಜುಲೈಯಿಂದ ಹೊಸ ತಾಣಗಳಿಗೆ ಎಐ ಕ್ರಾಲರ್‌ಗಳನ್ನು ತಡೆಯುವುದನ್ನೇ ರೂಢಿಯಾಗಿಸಿದೆ. 403 ಬಂದರೆ, ಅಂದರೆ ಪ್ರವೇಶವಿಲ್ಲ ಎಂದರೆ, ವೇಷ ಬದಲಿಸಿ ನುಗ್ಗುವ ದಾರಿಗಳನ್ನು ಕೆಲವು ಸೇವೆಗಳು ಮಾರುತ್ತವೆ. ನಾನು ಅವನ್ನು ಈ ಹೋಲಿಕೆಗೆ ಸೇರಿಸಿಲ್ಲ. 429 ಬಂದರೆ, ಅಂದರೆ ತೀರಾ ಹೆಚ್ಚು ಸಲ ಬಂದಿರಿ ಎಂದರೆ, ಅದರ ಜೊತೆಗೆ ಎಷ್ಟು ಹೊತ್ತು ಬಿಟ್ಟು ಬನ್ನಿ ಎಂಬ ಹೆಡರ್ ಸಾಮಾನ್ಯವಾಗಿ ಇರುತ್ತದೆ. ಅಷ್ಟು ಹೊತ್ತು ಬಿಟ್ಟು ಹೋಗಿ.

ನೀವು ಆರಿಸುವ ಮುಂಚೆ

ಪುಟಗಳು ಗೊತ್ತಿದ್ದು ಕೆಲವೇ ಇದ್ದರೆ ಸ್ವಂತ ಕೋಡ್. ಒಬ್ಬರೇ ಕೂತು ಓದಿಗೆ, ಹುಡುಕಾಟಕ್ಕೆ ಬಳಸುವುದಾದರೆ ಎಂಸಿಪಿ ಫೆಚ್ ಅಥವಾ ಮಾದರಿಯ ಕಂಪನಿಯದು. ಸಾವಿರಾರು ಅಪರಿಚಿತ ಪುಟಗಳಿಗೆ ರೀಡರ್ ಸೇವೆ, ಕ್ಯಾಶ್‌ನ ವಯಸ್ಸನ್ನು ನೋಡಿಕೊಂಡು. ಬ್ರೌಸರ್ ಕೊನೆಯ ಮೆಟ್ಟಿಲು. ನಮ್ಮಲ್ಲಿ ಈಗ ಮೂರು ಮೆಟ್ಟಿಲುಗಳಿವೆ: ಮೊದಲು ಸ್ವಂತ ಕೋಡ್, ಅದು ಖಾಲಿ ಪುಟ ತಂದರೆ ಪ್ಲೇರೈಟ್, ಅದೂ ಸೋತರೆ ಮನುಷ್ಯರಿಗೆ ಸಂದೇಶ. ನೂರು ಸಲದಲ್ಲಿ ತೊಂಬತ್ತಕ್ಕೂ ಹೆಚ್ಚು ಸಲ ಮೊದಲ ಮೆಟ್ಟಿಲಲ್ಲೇ ಕೆಲಸ ಮುಗಿಯುತ್ತದೆ.

ಕೊಳ್ಳುವ ಅಥವಾ ಜೋಡಿಸುವ ಮುಂಚೆ ಅರ್ಧ ದಿನ ಕೂತು ನಿಮ್ಮ ಕೆಲಸದ ಹತ್ತು ವಿಳಾಸಗಳನ್ನು ಆರಿಸಿ. ಅವುಗಳಲ್ಲಿ ಒಂದು ಇಲ್ಲದ ಪುಟ ಇರಲಿ, ಒಂದು ಜಾವಾಸ್ಕ್ರಿಪ್ಟ್ ಪುಟ ಇರಲಿ, ಒಂದು ನುಡಿ ಫಾಂಟಿನ ಪಿಡಿಎಫ್ ಇರಲಿ, ಗಂಟೆಗೊಮ್ಮೆ ಬದಲಾಗುವ ಒಂದು ಪುಟ ಇರಲಿ. ಪ್ರತಿ ಉಪಕರಣಕ್ಕೂ ಇದೇ ಹತ್ತನ್ನು ಕೊಟ್ಟು, ಏಜೆಂಟ್ ಕೊನೆಯಲ್ಲಿ ಏನು ಹೇಳಿತು ಎಂಬುದನ್ನು ಮಾತ್ರ ಬರೆದುಕೊಳ್ಳಿ. ಆಮೇಲೆ ನೆಟ್ ಸಂಪರ್ಕ ತೆಗೆದು ಮತ್ತೊಮ್ಮೆ ಕೇಳಿ. ಆಗಲೂ ಉತ್ತರ ಕೊಡುವ ಏಜೆಂಟನ್ನು ಜನರ ಕೈಗೆ ಕೊಡಬೇಡಿ.

ಮಲ್ಪೆಯ ಸಂದೇಶ ಈಗ ಎರಡು ಬಗೆಯಲ್ಲಿ ಮಾತ್ರ ಹೋಗುತ್ತದೆ. ಪುಟ ಸಿಕ್ಕಿದ ದಿನ, ಅದನ್ನು ತಂದ ಹೊತ್ತಿನ ಸಮೇತ ಸಾರಾಂಶ. ಸಿಗದ ದಿನ, ಮಾದರಿಯ ಕೈ ಸೋಕದ, ನಾವೇ ಬರೆದಿಟ್ಟ ಈ ಸಾಲು: “ಇಂದಿನ ಪುಟ ತೆರೆಯಲಿಲ್ಲ. ಕೊನೆಯದಾಗಿ ಓದಿದ್ದು ನಿನ್ನೆ ಸಂಜೆ 6.10ಕ್ಕೆ. ಬಂದರಿನಲ್ಲಿ ವಿಚಾರಿಸದೆ ಹೊರಡಬೇಡಿ.”